ಊಟ ಬಿಟ್ಟ ಮಕ್ಕಳಿಗೆ ಡಯೆಟಿಷಿಯನ್ ಯಾಕೆ ಬೇಕು? 'ಈಟಿಂಗ್ ಡಿಸಾರ್ಡರ್' ಬಗ್ಗೆ ನಮ್ಮ ತಾಲೂಕಿನವರು ತಿಳಿದಿರಬೇಕಾದ ವಿಷಯ

ಬೈಂದೂರು: 2025ರ ಮಾರ್ಚ್ ತಿಂಗಳಲ್ಲಿ ಕೇರಳದ ಕಣ್ಣೂರು ಜಿಲ್ಲೆಯ 18 ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ತಲಶ್ಶೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬಂದಿತ್ತು. ದಪ್ಪ ಆಗ್ತೇನೆ ಎಂಬ ಹೆದರಿಕೆಯಲ್ಲಿ ಆನ್‌ಲೈನ್‌ನಲ್ಲಿ ಸಿಕ್ಕಿದ ಡಯೆಟ್ ನೋಡಿಕೊಂಡು ತಿಂಗಳುಗಟ್ಟಲೆ ಊಟ ಬಿಟ್ಟಿದ್ದಳು, ಮನೆಯವರು ಕೊಟ್ಟ ಊಟವನ್ನು ಅಡಗಿಸಿ ಇಡುತ್ತಿದ್ದಳು ಎಂದು ವರದಿಗಳು ಹೇಳಿದವು. ಚಿಕಿತ್ಸೆ ಕೊಟ್ಟ ವೈದ್ಯರು ಹೇಳಿದ ಕಾಯಿಲೆಯ ಹೆಸರು ಅನೊರೆಕ್ಸಿಯಾ ನರ್ವೋಸಾ. ಅವಳ ತೂಕ ಎಷ್ಟಕ್ಕೆ ಇಳಿದಿತ್ತು ಅಂತ ಎಲ್ಲ ಕಡೆ ದೊಡ್ಡ ಅಕ್ಷರದಲ್ಲಿ ಬಂತು. ಆ ಸಂಖ್ಯೆ ಇಲ್ಲಿ ಬೇಡ. ಈ ಕಾಯಿಲೆ ಇರುವ ಮಕ್ಕಳು ಅಂಥ ಸಂಖ್ಯೆಯನ್ನು ಎಚ್ಚರಿಕೆ ಅಂತ ಓದುವುದಿಲ್ಲ, ಸ್ಪರ್ಧೆ ಅಂತ ಓದುತ್ತಾರೆ.

ಕೇರಳದಿಂದ ಕೊಲ್ಲೂರಿಗೆ ಬರುವವರು ನಮ್ಮ ಮೂಕಾಂಬಿಕಾ ರೋಡ್ ಸ್ಟೇಷನ್‌ನಲ್ಲಿ ಇಳಿಯುವ ರೈಲು ಕಣ್ಣೂರಿನ ಮೇಲಿಂದಲೇ ಬರುವುದು. ಅಷ್ಟು ಹತ್ತಿರದ ಮಾತು ಇದು. ಮೊಬೈಲ್‌ನಲ್ಲಿ ಅಲ್ಲಿ ಬರುವ ವಿಡಿಯೋವೇ ಶಿರೂರು, ಉಪ್ಪುಂದ, ನಾವುಂದದಲ್ಲೂ ಬರುತ್ತದೆ. 'ಏಳು ದಿನದಲ್ಲಿ ಹೊಟ್ಟೆ ಕರಗಿಸಿ', 'ಅನ್ನ ಬಿಡಿ, ಸಪೂರ ಆಗಿ' ಅನ್ನುವ ವಿಡಿಯೋ ನೋಡದ ಪಿಯುಸಿ ಮಕ್ಕಳು ಈಗ ಸಿಗುವುದು ಕಷ್ಟ.

ಇಂಥ ಮಗು ಮನೆಯಲ್ಲಿದ್ದರೆ ಎಲ್ಲಿಗೆ ಹೋಗಬೇಕು? ಮನೋವೈದ್ಯರ ಹತ್ತಿರ ಅಂದರೆ ನಮ್ಮವರು ಹಿಂದೆ ಸರಿಯುತ್ತಾರೆ, "ನಮ್ ಮಗಳಿಗೆ ಮರುಳಾ?" ಅಂತ. ಡಯೆಟಿಷಿಯನ್ ಹತ್ತಿರ ಅಂದರೆ ಇನ್ನೊಂದು ರೀತಿಯ ಗೊಂದಲ. ಡಯೆಟಿಷಿಯನ್ ಅಂದರೆ ತೂಕ ಇಳಿಸುವವರು, ಶುಗರ್ ಇದ್ದವರಿಗೆ ಚಾರ್ಟ್ ಕೊಡುವವರು ಅಂತಲೇ ಹೆಚ್ಚಿನವರ ಲೆಕ್ಕ. ಮೊದಲೇ ಊಟ ಬಿಟ್ಟವಳಿಗೆ ಡಯೆಟ್ ಹೇಳಿಕೊಡುವವರು ಯಾಕೆ ಎಂದು ಕೇಳಿದರೆ ತಪ್ಪೇನಿಲ್ಲ. ಆದರೆ ಈ ಕಾಯಿಲೆಯಲ್ಲಿ ಅವರ ಕೆಲಸ ಪೂರ್ತಿ ಉಲ್ಟಾ. ಬಿಟ್ಟ ಊಟವನ್ನು ಲೆಕ್ಕ ಹಾಕಿ, ಜೀವಕ್ಕೆ ತೊಂದರೆ ಆಗದ ಹಾಗೆ, ಸ್ವಲ್ಪ ಸ್ವಲ್ಪವಾಗಿ ವಾಪಸ್ ತರುವುದು.

ಕಾಯಿಲೆ ಯಾವುದು?

ಈಟಿಂಗ್ ಡಿಸಾರ್ಡರ್ ಅಂದರೆ ಊಟದ ಜೊತೆಗಿನ ಸಂಬಂಧವೇ ಕೆಟ್ಟುಹೋಗುವ ಮಾನಸಿಕ ಕಾಯಿಲೆ. ಇದು ಹಟ ಅಲ್ಲ, ಶೋಕಿಯೂ ಅಲ್ಲ. ಅನೊರೆಕ್ಸಿಯಾದಲ್ಲಿ ತೂಕ ಏರುವ ಭಯದಲ್ಲಿ ಊಟ ಕಡಿಮೆ ಮಾಡುತ್ತಾ ಹೋಗುತ್ತಾರೆ. ಎಲುಬು ಕಂಡರೂ ತಾನು ದಪ್ಪ ಅಂತಲೇ ಅನ್ನಿಸುತ್ತದೆ. ಬುಲಿಮಿಯಾದಲ್ಲಿ ಒಮ್ಮೆಲೇ ವಿಪರೀತ ತಿಂದು, ಆಮೇಲೆ ಹೆದರಿ ಅದನ್ನು ಹೊರಗೆ ಹಾಕುವ ದಾರಿ ಹುಡುಕುತ್ತಾರೆ. ಇವರ ತೂಕ ಸಾಮಾನ್ಯವಾಗಿಯೇ ಇರಬಹುದು, ಹಾಗಾಗಿ ಮನೆಯವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಬಿಂಜ್ ಈಟಿಂಗ್‌ನಲ್ಲಿ ವಿಪರೀತ ತಿನ್ನುವುದು ಇದೆ, ಹೊರಗೆ ಹಾಕುವುದು ಇಲ್ಲ. ಆರ್ಫಿಡ್ ಅಂತ ನಾಲ್ಕನೆಯದು ಒಂದಿದೆ: ದಪ್ಪ ಆಗುವ ಭಯ ಇಲ್ಲದೆಯೇ, ವಾಸನೆ, ಲೋಳೆ, ಗಂಟಲಲ್ಲಿ ಸಿಕ್ಕಿಬೀಳುವ ಹೆದರಿಕೆ ಇಂಥ ಕಾರಣಕ್ಕೆ ಎರಡು ಮೂರು ಬಗೆ ಬಿಟ್ಟು ಬೇರೇನೂ ತಿನ್ನದೆ ಬೆಳವಣಿಗೆ ನಿಲ್ಲುವಷ್ಟಕ್ಕೆ ಹೋಗುವುದು.

ಬೆಳಿಗ್ಗೆ ಏಳೂವರೆ ಬಸ್ಸಿಗೆ ಓಡುವಾಗ ತಿಂಡಿ ಬಿಟ್ಟು ಹೋಗುವ ಹುಡುಗಿಗೆಲ್ಲ ಈ ಕಾಯಿಲೆ ಇದೆ ಅಂತ ಅಲ್ಲ. ಮದುವೆಗೆ ಮೊದಲು ಒಂದೆರಡು ತಿಂಗಳು ಕಡಿಮೆ ತಿಂದು ಆಮೇಲೆ ಮಾಮೂಲಿಗೆ ಬರುವವರೂ ಇದ್ದಾರೆ. ಊಟದ ಯೋಚನೆಯೇ ದಿನಪೂರ್ತಿ ತಲೆ ತಿನ್ನುತ್ತಿದ್ದರೆ, ಊಟದ ವಿಷಯದಲ್ಲಿ ಸುಳ್ಳು ಶುರುವಾದರೆ, ತೂಕ ಇಳಿಯುವುದು ನಿಲ್ಲದೇ ಇದ್ದರೆ ಆಗ ಅದು ಬೇರೆ ವಿಷಯ.

ಗಂಡು ಮಕ್ಕಳಿಗೂ ಬರುತ್ತದೆ. ಅವರಲ್ಲಿ ಇದು ಸಿಕ್ಸ್ ಪ್ಯಾಕ್, ಪ್ರೋಟೀನ್ ಪೌಡರ್, ಜಿಮ್ಮಿನ ಹೆಸರಲ್ಲಿ ಅಡಗಿಕೊಂಡಿರುವುದರಿಂದ ಯಾರೂ ಕಾಯಿಲೆ ಅಂತ ಹೇಳುವುದಿಲ್ಲ, "ಹುಡುಗ ಒಳ್ಳೆ ಬಾಡಿ ಮಾಡಿದ" ಅಂತ ಹೊಗಳುತ್ತಾರೆ.

ಇದು ಬೆಂಗಳೂರಿನವರ ಕಾಯಿಲೆ ಅಲ್ವಾ?

ಇಲ್ಲ ಅನ್ನುವುದಕ್ಕೆ ಕರ್ನಾಟಕದಲ್ಲೇ ಲೆಕ್ಕ ಇದೆ. ನಿಮ್ಹಾನ್ಸ್‌ನ ತಜ್ಞರು ಸೇರಿ ನಡೆಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಬೆಂಗಳೂರಿನ 66 ಮನೋವೈದ್ಯರನ್ನು ಕೇಳಿದಾಗ ಸುಮಾರು ಮೂರರಲ್ಲಿ ಎರಡು ಭಾಗ ಮಂದಿ ಇಂಥ ರೋಗಿಯನ್ನು ನೋಡಿದ್ದೇವೆ ಅಂದರು. 2018ರಲ್ಲಿ ಪ್ರಕಟವಾದ ಮೈಸೂರಿನ ಅಧ್ಯಯನದಲ್ಲಿ 15ರಿಂದ 25 ವರ್ಷದ 1600 ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟಾಗ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರ ಉತ್ತರದಲ್ಲಿ ಊಟದ ಬಗ್ಗೆ ಆತಂಕ ಪಡಬೇಕಾದ ಧೋರಣೆ ಕಂಡಿತ್ತು. ಪ್ರಶ್ನಾವಳಿಯಲ್ಲಿ ಕಂಡದ್ದೆಲ್ಲ ಕಾಯಿಲೆ ಆಗುವುದಿಲ್ಲ, ಆದರೂ ಸಣ್ಣ ಲೆಕ್ಕವಲ್ಲ ಅದು.

ನಮ್ಮಲ್ಲಿ ಕಾಯಿಲೆ ಬೇಗ ಸಿಕ್ಕಿಬೀಳದೆ ಇರುವುದಕ್ಕೆ ಇನ್ನೊಂದು ಕಾರಣ ಇದೆ. 1995ರಲ್ಲಿ ದೆಹಲಿಯ ವೈದ್ಯರು ಐವರು ಯುವತಿಯರ ಬಗ್ಗೆ ಬರೆದಿದ್ದರು. ಊಟ ಬೇಡ ಅನ್ನುವುದು, ವಾಂತಿ, ತೂಕ ಇಳಿದದ್ದು, ಮುಟ್ಟು ನಿಂತದ್ದು ಎಲ್ಲ ಇತ್ತು. ಆದರೆ ಪುಸ್ತಕದಲ್ಲಿ ಬರೆದ ಹಾಗೆ ತನ್ನ ಮೈಯನ್ನೇ ತಪ್ಪಾಗಿ ಕಾಣುವ ಲಕ್ಷಣ ಅವರಲ್ಲಿ ಇರಲಿಲ್ಲ. ಅಂದರೆ ನಮ್ಮ ಕಡೆ ಹುಡುಗಿ "ದಪ್ಪ ಆಗ್ತೇನೆ" ಅಂತ ಹೇಳದೇ ಇರಬಹುದು. "ಹೊಟ್ಟೆ ಉಬ್ಬರಿಸ್ತದೆ", "ಹಸಿವಿಲ್ಲ", "ಗ್ಯಾಸ್ಟ್ರಿಕ್" ಅನ್ನಬಹುದು. ಆಗ ಮನೆಯವರು ಗ್ಯಾಸ್ಟ್ರಿಕ್ ಗುಳಿಗೆ ಕೊಡಿಸುತ್ತಾರೆ. ಮುಟ್ಟು ನಿಂತಿದೆ ಅಂತ ಹೆಂಗಸರ ಡಾಕ್ಟರ ಹತ್ತಿರ ಹೋಗುತ್ತಾರೆ. ದೃಷ್ಟಿ ತೆಗೆಸುತ್ತಾರೆ, ಹರಕೆ ಹೊರುತ್ತಾರೆ. ಹರಕೆಯ ಬಗ್ಗೆ ತಕರಾರಿಲ್ಲ, ಅದರ ನಡುವೆ ಆರು ತಿಂಗಳು ಹೋಗಿಬಿಡುತ್ತದೆ ಅನ್ನುವುದೇ ಸಮಸ್ಯೆ.

ಮೊದಲ ವಾರ: ಪ್ರೀತಿಯಿಂದ ಉಣಿಸಿದರೂ ಅಪಾಯ

ಡಯೆಟಿಷಿಯನ್ ಕೆಲಸ ಎಷ್ಟು ಗಂಭೀರ ಅನ್ನುವುದು ಗೊತ್ತಾಗುವುದು ಇಲ್ಲಿ. ತುಂಬಾ ದಿನ ಊಟ ಬಿಟ್ಟವರು ಕೊನೆಗೂ ತಿನ್ನಲು ಒಪ್ಪಿದರು ಅನ್ನಿ. ಮನೆಯಲ್ಲಿ ಏನು ಮಾಡುತ್ತಾರೆ? ಕೋಳಿ ಸಾರು, ಕಡುಬು, ಪಾಯಸ, ಹೊಟ್ಟೆ ತುಂಬಾ. ಅಥವಾ ಸುಸ್ತಾಗಿ ಬಿದ್ದರೆ "ಒಂದ್ ಗ್ಲುಕೋಸ್ ಹಾಕ್ಸುವ" ಅಂತ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಾರೆ. ಎರಡೂ ಅಪಾಯ ತರಬಹುದು.

ಹಸಿದ ದೇಹ ಸಕ್ಕರೆ ಅಂಶ ಬಿಟ್ಟು ತನ್ನ ಕೊಬ್ಬು, ಮಾಂಸಖಂಡ ಸುಟ್ಟುಕೊಂಡು ಬದುಕುತ್ತಿರುತ್ತದೆ. ಒಳಗಿನ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ದಾಸ್ತಾನು ಖಾಲಿಯಾಗಿರುತ್ತದೆ, ಆದರೆ ರಕ್ತ ಪರೀಕ್ಷೆಯಲ್ಲಿ ಸರಿಯಾಗಿಯೇ ಕಾಣಬಹುದು. ಏಕಾಏಕಿ ಅನ್ನ, ಸಿಹಿ, ಗ್ಲುಕೋಸ್ ಹೋದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಉಳಿದಿದ್ದ ಅಷ್ಟೂ ಲವಣ ಜೀವಕೋಶದೊಳಗೆ ಓಡುತ್ತದೆ. ರಕ್ತದಲ್ಲಿ ಫಾಸ್ಫೇಟ್ ಕುಸಿದಾಗ ಹೃದಯದ ಬಡಿತ ತಪ್ಪುತ್ತದೆ, ಉಸಿರಾಡುವ ಸ್ನಾಯು ಸೋಲುತ್ತದೆ, ಕಾಲು ಬಾತುಕೊಳ್ಳುತ್ತದೆ. ಜೀವವೂ ಹೋಗಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತ ಹೆಸರು. ಎರಡನೇ ಮಹಾಯುದ್ಧ ಮುಗಿದು ಸೆರೆಶಿಬಿರಗಳಿಂದ ಬಿಡುಗಡೆಯಾದವರು ಹೊಟ್ಟೆ ತುಂಬಾ ಊಟ ಸಿಕ್ಕಿದ ಮೇಲೆ ಕುಸಿದು ಬಿದ್ದದ್ದನ್ನು ನೋಡಿ ವೈದ್ಯಲೋಕ ಇದನ್ನು ಅರ್ಥ ಮಾಡಿಕೊಂಡಿತು.

ಹಾಗಾಗಿ ಆಸ್ಪತ್ರೆಯಲ್ಲಿ ಡಯೆಟಿಷಿಯನ್ ಮೊದಲು ಕೇಳುವುದು ಎಷ್ಟು ದಿನದಿಂದ ಎಷ್ಟು ತಿಂದಿದ್ದಾರೆ, ಎಷ್ಟು ಬೇಗ ತೂಕ ಇಳಿಯಿತು ಅಂತ. ಅದರ ಮೇಲೆ ಮೊದಲ ದಿನ ಎಷ್ಟು ಕ್ಯಾಲೊರಿ, ಮೂರನೇ ದಿನ ಎಷ್ಟು, ವಾರದ ಕೊನೆಗೆ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ವೈದ್ಯರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಇಸಿಜಿ ನೋಡುತ್ತಾರೆ, ಊಟ ಶುರು ಮಾಡುವ ಮೊದಲೇ ಥಯಾಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ತೀರಾ ನಿಧಾನ ಮಾಡಿದರೂ ತಪ್ಪು, ರೋಗಿ ಇನ್ನಷ್ಟು ಕುಗ್ಗುತ್ತಾರೆ. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಆ ಹದ ಹಿಡಿಯುವುದು ಓದಿ ಕಲಿತ ಕೆಲಸ.

ಅಂಗನವಾಡಿ ಕಾರ್ಯಕರ್ತೆಯರಿಗೆ ಇದು ಹೊಸತಲ್ಲ. ತೀವ್ರ ಅಪೌಷ್ಟಿಕತೆಯ ಮಗುವನ್ನು ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದಾಗ ಮೊದಲು ಎಫ್-75 ಅನ್ನುವ ತೆಳು ಹಾಲಿನ ಆಹಾರ, ಅಂದರೆ 100 ಮಿ.ಲೀ.ಗೆ 75 ಕ್ಯಾಲೊರಿ, ಚೇತರಿಸಿದ ಮೇಲೆ ಎಫ್-100 ಕೊಡುವ ಕ್ರಮ ಇರುವುದು ಇದೇ ಕಾರಣಕ್ಕೆ. ಹಸಿದ ದೇಹಕ್ಕೆ ವಯಸ್ಸಿನ ಭೇದ ಇಲ್ಲ.

ಬುದ್ಧಿ ಹೇಳಿದರೆ ಯಾಕೆ ತಲೆಗೆ ಹೋಗುವುದಿಲ್ಲ?

"ಎಷ್ಟ್ ಹೇಳಿದ್ರೂ ಕೇಳುದಿಲ್ಲ ಮರ್ರೆ" ಅನ್ನುವುದು ಇಂಥ ಮನೆಗಳಲ್ಲಿ ಕೇಳಿಬರುವ ಮಾತು. ಇದಕ್ಕೆ ಉತ್ತರ ಅಮೆರಿಕದಲ್ಲಿ ನಡೆದ ಒಂದು ಹಳೆಯ ಪ್ರಯೋಗದಲ್ಲಿದೆ. 1944-45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಗಂಡಸರನ್ನು, ಅವರೇ ಒಪ್ಪಿದ ಮೇಲೆ, 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಯುದ್ಧದಲ್ಲಿ ಹಸಿದ ಜನರಿಗೆ ಹೇಗೆ ಊಟ ಕೊಡಬೇಕು ಅಂತ ತಿಳಿಯುವುದು ಉದ್ದೇಶ. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಅದಕ್ಕಿಂತ ದೊಡ್ಡ ಬದಲಾವಣೆ ತಲೆಯೊಳಗೆ ಆಗಿತ್ತು. ದಿನವಿಡೀ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದತೊಡಗಿದರು. ಸ್ವಲ್ಪ ಊಟವನ್ನು ತುಂಡು ತುಂಡು ಮಾಡಿ ಗಂಟೆಗಟ್ಟಲೆ ತಿಂದರು. ಸಿಡುಕು, ಖಿನ್ನತೆ, ಚಳಿ, ಯಾರ ಜೊತೆಯೂ ಬೆರೆಯದೆ ಇರುವುದು. ಊಟ ವಾಪಸ್ ಕೊಟ್ಟ ಮೇಲೂ ಕೆಲವರು ಹತೋಟಿ ತಪ್ಪಿ ತಿಂದರು.

ಇವರಿಗೆ ಸಪೂರ ಆಗುವ ಆಸೆ ಏನೂ ಇರಲಿಲ್ಲ. ಹಸಿವೇ ಅವರನ್ನು ಹಾಗೆ ಮಾಡಿತ್ತು. ಅನೊರೆಕ್ಸಿಯಾ ಇರುವ ಹುಡುಗಿ ತಾನು ತಿನ್ನದೆ ಮನೆಮಂದಿಗೆಲ್ಲ ಅಡುಗೆ ಮಾಡಿ ಬಡಿಸುವುದು, ಇಡೀ ದಿನ ಅಡುಗೆ ವಿಡಿಯೋ ನೋಡುವುದು, ಸುಮ್ಮನೆ ಸಿಡುಕುವುದು ಇವೆಲ್ಲದರಲ್ಲಿ ಒಂದು ಪಾಲು ಹಸಿದ ಮೆದುಳಿನ ಕೆಲಸ. ಮೆದುಳಿಗೆ ಆಹಾರ ಸಿಗದೆ ಕೌನ್ಸೆಲಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಮನೋವೈದ್ಯರು, ಆಪ್ತಸಮಾಲೋಚಕರು ಮಾತಾಡಿ ಫಲ ಕಾಣಬೇಕಾದರೆ ಅದಕ್ಕೆ ಬೇಕಾದ ನೆಲ ಹದ ಮಾಡಿಕೊಡುವವರು ಡಯೆಟಿಷಿಯನ್.

ಇದರ ಅರ್ಥ ಡಯೆಟಿಷಿಯನ್ ಒಬ್ಬರೇ ಸಾಕು ಅಂತ ಅಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಅನೊರೆಕ್ಸಿಯಾಕ್ಕೆ ಆಹಾರ ಸಲಹೆಯನ್ನು ಬೇರೆ ತಜ್ಞರ ತಂಡದ ಜೊತೆಗೆ ಮಾತ್ರ ಕೊಡಿ ಅನ್ನುತ್ತದೆ. ಮನೋವೈದ್ಯರು, ಫಿಸಿಷಿಯನ್ ಅಥವಾ ಮಕ್ಕಳ ತಜ್ಞರು, ಸೈಕಾಲಜಿಸ್ಟ್, ಡಯೆಟಿಷಿಯನ್, ಮನೆಯವರು. ಇವರಲ್ಲಿ ಯಾರು ಬಿಟ್ಟುಹೋದರೂ ಚಿಕಿತ್ಸೆ ಕುಂಟುತ್ತದೆ.

ಗಂಜಿಯಿಂದ ಬನ್ಸ್ ತನಕ

ಅಪಾಯದ ದಿನ ದಾಟಿದ ಮೇಲೆ ತಿಂಗಳುಗಟ್ಟಲೆ ನಡೆಯುವ ಕೆಲಸ ಬೇರೆಯೇ. ಮೊದಲ ನಿಯಮ, ಗಡಿಯಾರ ನೋಡಿ ಊಟ. "ಹಸಿವಾದಾಗ ತಿನ್ನು" ಅನ್ನುವುದು ಇವರಿಗೆ ಆಗುವುದಿಲ್ಲ, ಯಾಕೆಂದರೆ ಹಸಿವಿನ ಸೂಚನೆಯೇ ಕೆಟ್ಟಿರುತ್ತದೆ. ಮೂರು ಊಟ, ನಡುವೆ ಎರಡು ಮೂರು ಸಣ್ಣ ತಿಂಡಿ, ಮೂರು ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೇಡ. ಬುಲಿಮಿಯಾ, ಬಿಂಜ್ ಈಟಿಂಗ್ ಇದ್ದವರಿಗೂ ಇದೇ ಮದ್ದು. ಬೆಳಿಗ್ಗೆಯಿಂದ ಉಪವಾಸ ಇದ್ದು ಸಂಜೆ ಹತೋಟಿ ತಪ್ಪುವುದು, ಆ ತಪ್ಪಿಗೆ ನಾಳೆ ಮತ್ತೆ ಉಪವಾಸ, ಈ ಸುತ್ತು ಮುರಿಯುವುದು ಹೊತ್ತು ಹೊತ್ತಿಗೆ ತಿಂದಾಗ ಮಾತ್ರ.

ಎರಡನೆಯದು, ಹೊಟ್ಟೆ. ತುಂಬಾ ದಿನ ಖಾಲಿ ಇದ್ದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ನಾಲ್ಕು ತುತ್ತಿಗೇ ಉಬ್ಬರ. ಉಬ್ಬರ ಸುಳ್ಳಲ್ಲ, ನಿಜವಾಗಿಯೂ ಇರುತ್ತದೆ. ತಿನ್ನುತ್ತಾ ಹೋದ ಹಾಗೆ ಕಡಿಮೆಯಾಗುತ್ತದೆ. ಅಲ್ಲಿಯ ತನಕ ತಟ್ಟೆ ತುಂಬಿಸದೆ ಶಕ್ತಿ ಹೆಚ್ಚಿಸುವ ಉಪಾಯ ಬೇಕು. ನಮ್ಮ ಕರಾವಳಿಯ ಅಡುಗೆಯಲ್ಲಿ ಅದಕ್ಕೆ ಕೊರತೆ ಇಲ್ಲ. ಕುಚ್ಚಲಕ್ಕಿ ಗಂಜಿಗೆ ಒಂದು ಚಮಚ ತುಪ್ಪ, ನೀರ್ ದೋಸೆಗೆ ಕಾಯಿ-ಬೆಲ್ಲ, ಸಾರಿಗೆ ತೆಂಗಿನಕಾಯಿ ಹಾಲು, ನಡುವೆ ನೆಲಗಡಲೆ, ಬಾಳೆಹಣ್ಣು, ಮೊಸರು. ಬಂಗುಡೆ, ಬೂತಾಯಿಯಲ್ಲಿ ಪ್ರೋಟೀನೂ ಇದೆ, ಒಳ್ಳೆಯ ಕೊಬ್ಬೂ ಇದೆ. ದುಬಾರಿ ಡಬ್ಬಿ ಪುಡಿ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದವರಿಗೆ ತಜ್ಞರೇ ಬರೆದುಕೊಡುತ್ತಾರೆ.

ಮೂರನೆಯದು ಹೆದರಿಕೆಯ ಪಟ್ಟಿ. ರೋಗಿ ಹೆದರುವ ಪದಾರ್ಥಗಳನ್ನು ಕಡಿಮೆ ಹೆದರಿಕೆಯಿಂದ ಹೆಚ್ಚಿನ ಹೆದರಿಕೆಗೆ ಮೆಟ್ಟಿಲಿನ ಹಾಗೆ ಬರೆಸಿ ಒಂದೊಂದೇ ಹತ್ತಿಸುತ್ತಾರೆ. ಉದಾಹರಣೆಗೆ ಒಬ್ಬಳಿಗೆ ಗಂಜಿ-ಮೊಸರು ಮೊದಲ ಮೆಟ್ಟಿಲು, ಅನ್ನ-ಮೀನು ಸಾರು ಮೂರನೆಯದು, ಎಣ್ಣೆಯಲ್ಲಿ ಹುರಿದ ಮೀನು ಆರನೆಯದು, ಹೋಟೆಲಿನಲ್ಲಿ ನಾಲ್ಕು ಜನರ ಎದುರು ಕೂತು ಒಂದು ಬನ್ಸ್ ತಿಂದು ಚಾ ಕುಡಿಯುವುದು ಎಲ್ಲಕ್ಕಿಂತ ಮೇಲಿನದು ಆಗಿರಬಹುದು. ನಮಗೆ ತಮಾಷೆ ಅನ್ನಿಸಿದರೂ ಅವರಿಗೆ ಅದು ಗುಡ್ಡ ಹತ್ತಿದ ಹಾಗೆ. ಆ ಬನ್ಸ್ ತಿನ್ನುವುದು ಕ್ಯಾಲೊರಿಗೆ ಅಂತ ಅಲ್ಲ. ಮದುವೆ ಮನೆ, ಗೆಳತಿಯ ಹುಟ್ಟುಹಬ್ಬ, ಕಾಲೇಜು ಟೂರ್ ಇವಕ್ಕೆಲ್ಲ ಮತ್ತೆ ಹೋಗುವಂತೆ ಆಗಬೇಕಲ್ಲ, ಅದಕ್ಕೆ.

ಮೀನು ತಿನ್ನುವ ಮನೆಯ ಹುಡುಗಿ ಇದ್ದಕ್ಕಿದ್ದಂತೆ ಮೀನು ಬಿಟ್ಟಳು, ಆಮೇಲೆ ಎಣ್ಣೆ, ಆಮೇಲೆ ಅನ್ನ ಅಂದರೆ ಡಯೆಟಿಷಿಯನ್ ಅಲ್ಲಿ ನಿಲ್ಲಿಸಿ ಕೇಳುತ್ತಾರೆ: ಇದು ನಂಬಿಕೆಯಾ, ಕಾಯಿಲೆಯಾ? ವ್ರತದ ವಿಷಯವೂ ಹಾಗೆಯೇ. ಸಂಕಷ್ಟಿ, ಏಕಾದಶಿ, ನವರಾತ್ರಿ, ರಂಜಾನ್ ಎಲ್ಲವೂ ನಮ್ಮ ತಾಲೂಕಿನಲ್ಲಿ ನಡೆಯುವಂಥದ್ದು. ಮನೆಯವರೆಲ್ಲ ಪಾರಣೆ ಮಾಡಿ ಉಣ್ಣುವಾಗ ಒಬ್ಬಳು ಮಾತ್ರ ಉಪವಾಸ ಮುಂದುವರಿಸಿದರೆ, ವರ್ಷಕ್ಕೆ ಎರಡು ಇದ್ದ ಉಪವಾಸ ವಾರಕ್ಕೆ ನಾಲ್ಕಾದರೆ ಸಂಶಯ ಪಡಬೇಕು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ ಅಂತ ಇಸ್ಲಾಂ ಹೇಳುತ್ತದೆ. ನಮ್ಮ ಹಿರಿಯರೂ ಮದ್ದು ಕುಡಿಯುವವರನ್ನು ಉಪವಾಸಕ್ಕೆ ಕೂರಿಸುತ್ತಿರಲಿಲ್ಲ. ಇವರಿಗೆ ಊಟವೇ ಮದ್ದು.

ತೂಕ ನೋಡುವುದಕ್ಕೂ ಕ್ರಮ ಇದೆ. ಎಷ್ಟೋ ಕಡೆ ರೋಗಿಯನ್ನು ತಕ್ಕಡಿಗೆ ಬೆನ್ನು ಹಾಕಿಸಿ ನಿಲ್ಲಿಸುತ್ತಾರೆ, ಸಂಖ್ಯೆ ಡಯೆಟಿಷಿಯನ್‌ಗೆ ಮಾತ್ರ ಕಾಣುವಂತೆ. ಆಸ್ಪತ್ರೆಯಲ್ಲಿ ಇದ್ದವರಿಗೆ ವಾರಕ್ಕೆ ಅರ್ಧದಿಂದ ಒಂದು ಕಿಲೋ ಏರಿಕೆ ಸಾಮಾನ್ಯ ಗುರಿ. ಮನೆಯಲ್ಲಿ ತೂಕದ ಮೆಷಿನ್ ಇದ್ದರೆ ಅಟ್ಟಕ್ಕೆ ಹಾಕಿ.

ಮನೆಯವರು ಏನು ಹೇಳಬಾರದು?

ಡಯೆಟಿಷಿಯನ್ ಅರ್ಧ ಹೊತ್ತು ಮಾತಾಡುವುದು ಮನೆಯವರ ಜೊತೆ. ಬಡಿಸುವುದು ಎಷ್ಟು ಅಂತ ನಿರ್ಧರಿಸುವವರು ಸ್ವಲ್ಪ ಕಾಲ ತಂದೆ-ತಾಯಿಯೇ ಆಗಿರಬೇಕು, ಮಕ್ಕಳ ಜೊತೆ ಚೌಕಾಸಿ ಬೇಡ, ಊಟ ಮುಗಿಯುವ ತನಕ ಪಕ್ಕದಲ್ಲಿ ಕೂತಿರಿ, ಮುಗಿದ ಮೇಲೂ ಸ್ವಲ್ಪ ಹೊತ್ತು ಒಟ್ಟಿಗೆ ಟಿವಿ ನೋಡಿ ಅಂತ ಹೇಳಿಕೊಡುತ್ತಾರೆ. ಊಟದ ಹೊತ್ತಿಗೆ ಊಟದ ಬಗ್ಗೆ ಮಾತು ಬೇಡ. ಬಸ್ಸಿನ ಸುದ್ದಿ, ಆಟದ ಮೇಳದ ಸುದ್ದಿ, ಏನಾದರೂ ಮಾತಾಡಬಹುದು.

ನಮ್ಮೂರಿನ ದೊಡ್ಡ ಸಮಸ್ಯೆ ಬಾಯಿ. ಕಂಡ ಕೂಡಲೇ "ಹ್ವಾಯ್, ಎಂತ ಇಷ್ಟ್ ತೋರ ಆದ್ದು?" ಅಥವಾ "ಎಂತ ಸಪೂರ ಮರಾಯ್ತಿ, ಮನೇಲಿ ಅನ್ನ ಇಲ್ಯಾ?" ಅನ್ನುವುದು ನಮ್ಮಲ್ಲಿ ಪ್ರೀತಿಯ ಲೆಕ್ಕದಲ್ಲೇ ಬರುತ್ತದೆ. ಚೇತರಿಸಿಕೊಳ್ಳುತ್ತಿರುವ ಹುಡುಗಿಗೆ ಅತ್ತೆಯೋ ಚಿಕ್ಕಮ್ಮನೋ ಮೆಚ್ಚಿ "ಈಗ ಸ್ವಲ್ಪ ಮೈ ಬಂತು ಕಾಣಿ" ಅಂದರೂ ಸಾಕು, ರಾತ್ರಿಯ ಊಟ ನಿಂತೀತು. ಮೈಯ ಸುದ್ದಿಯೇ ಬೇಡ.

ಅಂಗಡಿಯವರು ಗಮನಿಸಬೇಕಾದದ್ದು

ಈ ಕಾಯಿಲೆ ಮನೆಯವರಿಗಿಂತ ಮೊದಲು ಅಂಗಡಿಯವರ ಕಣ್ಣಿಗೆ ಬೀಳುವುದು ಉಂಟು. ಮೆಡಿಕಲ್‌ಗೆ ಒಬ್ಬಳೇ ಹುಡುಗಿ ಮತ್ತೆ ಮತ್ತೆ ಬಂದು ಭೇದಿ ಗುಳಿಗೆ ಕೇಳಿದರೆ ಸುಮ್ಮನೆ ಕೊಡುವ ಬದಲು ಯಾರಿಗೆ, ಯಾಕೆ ಅಂತ ಮೆಲ್ಲಗೆ ಕೇಳುವುದು ಫಾರ್ಮಾಸಿಸ್ಟ್ ಕೆಲಸವೇ. ಭೇದಿ ಗುಳಿಗೆಯಿಂದ ಕೊಬ್ಬು ಕರಗುವುದಿಲ್ಲ. ಅದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ, ಊಟದ ಸತ್ವ ಅದಕ್ಕಿಂತ ಮೊದಲೇ ರಕ್ತಕ್ಕೆ ಸೇರಿರುತ್ತದೆ. ಹೋಗುವುದು ನೀರು ಮತ್ತು ಪೊಟ್ಯಾಷಿಯಂ. ಪೊಟ್ಯಾಷಿಯಂ ಇಳಿದರೆ ಹೃದಯಕ್ಕೆ ಪೆಟ್ಟು. ಈ ಒಂದು ಮಾತನ್ನು ಕೌಂಟರಿನಲ್ಲೇ ಹೇಳಬಹುದು.

ಬಟ್ಟೆ ಅಂಗಡಿಯವರು ನಾಲ್ಕು ಜನರ ಎದುರು "ನಿಮಗೆ ಡಬಲ್ ಎಕ್ಸ್‌ಎಲ್ ಬೇಕಾಗ್ತದೆ" ಅಂತ ಕೂಗುವುದನ್ನು ಬಿಟ್ಟರೆ ವ್ಯಾಪಾರ ಕಡಿಮೆ ಆಗುವುದಿಲ್ಲ. ಜಿಮ್ ನಡೆಸುವವರು, ಕಾಯಿಲೆ ಬಿದ್ದ ದಿನವೂ ವ್ಯಾಯಾಮಕ್ಕೆ ಬರುವ ಸಪೂರ ಹುಡುಗರನ್ನು ಹೊಗಳುವ ಮೊದಲು ಒಮ್ಮೆ ಯೋಚಿಸಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಪ್ರೋಟೀನ್ ಪೌಡರ್ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿದೆ.

ಇನ್ನು 'ನ್ಯೂಟ್ರಿಷನ್ ಕ್ಲಬ್', 'ವೆಲ್‌ನೆಸ್ ಕೋಚ್' ಅಂತ ಶೇಕ್ ಪುಡಿ ಮಾರುವವರು. ಎರಡು ದಿನದ ಟ್ರೈನಿಂಗ್ ಪಡೆದು ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಒಂದೇ ಚಾರ್ಟ್ ಕಳಿಸುವವರು ಡಯೆಟಿಷಿಯನ್ ಅಲ್ಲ. ಅಂಥ ಚಾರ್ಟ್ ಈ ಕಾಯಿಲೆಯವರ ಕೈಗೆ ಸಿಕ್ಕಿದರೆ ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ. ನಿಜವಾದ ಡಯೆಟಿಷಿಯನ್ ಅಂದರೆ ಆಹಾರ-ಪೌಷ್ಟಿಕತೆ ಅಥವಾ ಡಯೆಟೆಟಿಕ್ಸ್‌ನಲ್ಲಿ ಪದವಿ ಓದಿ, ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿದವರು. ಭಾರತೀಯ ಡಯೆಟೆಟಿಕ್ ಸಂಘದ ಪರೀಕ್ಷೆ ಪಾಸಾದವರ ಹೆಸರಿನ ಮುಂದೆ ಆರ್.ಡಿ. ಅಂತ ಇರುತ್ತದೆ. 2021ರಲ್ಲಿ ಸಂಸತ್ತು ಒಪ್ಪಿದ ಆರೋಗ್ಯ ಸಹಾಯಕ ವೃತ್ತಿಗಳ ಆಯೋಗದ ಕಾಯ್ದೆ ಡಯೆಟಿಷಿಯನ್‌ಗಳನ್ನೂ ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿದೆ. ಓದಿದ್ದು ಎಲ್ಲಿ, ತರಬೇತಿ ಯಾವ ಆಸ್ಪತ್ರೆಯಲ್ಲಿ ಎಂದು ಕೇಳುವುದಕ್ಕೆ ನಾಚಿಕೆ ಬೇಡ. ಅಂದ ಹಾಗೆ ಮಣಿಪಾಲದಲ್ಲಿ ಡಯೆಟೆಟಿಕ್ಸ್ ಎಂ.ಎಸ್ಸಿ. ಓದಿಸುವುದು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ. ಅಡುಗೆ ಗೊತ್ತಿಲ್ಲದೆ ಈ ಕೆಲಸ ಆಗುವುದಿಲ್ಲ ಅನ್ನುವುದಕ್ಕೆ ಅದೂ ಒಂದು ಸಾಕ್ಷಿ.

ಎಲ್ಲಿಗೆ ಹೋಗುವುದು?

ಮೊದಲ ಹೆಜ್ಜೆಗೆ ದೂರ ಹೋಗಬೇಕಿಲ್ಲ. ಬೈಂದೂರಿನ ಸಮುದಾಯ ಆರೋಗ್ಯ ಕೇಂದ್ರ, ಕುಂದಾಪುರದ ತಾಲೂಕು ಆಸ್ಪತ್ರೆ ಅಥವಾ ಮನೆಯ ಮಾಮೂಲಿ ಡಾಕ್ಟರ ಹತ್ತಿರವೇ ನಾಡಿ, ಬಿಪಿ, ತೂಕ, ರಕ್ತ ಪರೀಕ್ಷೆ, ಇಸಿಜಿಯಿಂದ ಶುರು ಮಾಡಬಹುದು. ಹದಿಹರೆಯದವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಮಾಡಿದ ಮನೋಚೈತನ್ಯ ಕಾರ್ಯಕ್ರಮವೂ ಸರಕಾರದ್ದೇ. ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಮನೋವೈದ್ಯರು, ಡಯೆಟಿಷಿಯನ್ ಇಬ್ಬರೂ ಒಂದೇ ಕಟ್ಟಡದಲ್ಲಿ ಬೇಕು ಅಂದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಎರಡೂ ವಿಭಾಗ ಇದೆ. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಹೆಸರಾದದ್ದು. ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ ಇದೆ. ತೀರಾ ಕ್ಲಿಷ್ಟವಾದರೆ ಬೆಂಗಳೂರಿನ ನಿಮ್ಹಾನ್ಸ್. ಬೈಂದೂರಿನಿಂದ ಉಡುಪಿಗೆ ಸುಮಾರು 70 ಕಿ.ಮೀ. ವಾರ ವಾರ ಹೋಗಿ ಬರುವುದು ಕೂಲಿ ಬಿಟ್ಟು ಹೋಗುವವರಿಗೆ ಸಣ್ಣ ಹೊರೆ ಅಲ್ಲ. ಮೊದಲ ತಿಂಗಳು ಮುಖಾಮುಖಿ ನೋಡಿ, ಆಮೇಲೆ ಸ್ಥಳೀಯ ಡಾಕ್ಟರ ಹತ್ತಿರ ತೂಕ ಮತ್ತು ರಕ್ತ ಪರೀಕ್ಷೆ ಮಾಡಿಸಿ ಡಯೆಟಿಷಿಯನ್ ಜೊತೆ ಫೋನ್‌ನಲ್ಲಿ ಮಾತಾಡುವ ವ್ಯವಸ್ಥೆ ಆಗುತ್ತದಾ ಅಂತ ಮೊದಲ ಭೇಟಿಯಲ್ಲೇ ಕೇಳಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಪಾಲಿಸಿ ಇದ್ದವರು ಕೇಳದೆ ಬಿಡಬೇಡಿ.

ಯಾರಿಗೂ ಗೊತ್ತಾಗದಂತೆ ಮೊದಲು ಮಾತಾಡಿ ನೋಡಬೇಕು ಅನ್ನುವವರಿಗೆ ಕೇಂದ್ರ ಸರಕಾರದ ಟೆಲಿ-ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭ ಬೇರೆ. ತಲೆತಿರುಗಿ ಬೀಳುವುದು, ಎದೆ ಬಡಿತದಲ್ಲಿ ಏರುಪೇರು, ಕುಕ್ಕರುಗಾಲಲ್ಲಿ ಕೂತರೆ ಕೈ ಊರದೆ ಏಳಲು ಆಗದೇ ಇರುವುದು, ಕಾಲು ಬಾತುಕೊಳ್ಳುವುದು, ವಾಂತಿಯಲ್ಲಿ ರಕ್ತ, ಹಲವು ದಿನದಿಂದ ಏನೂ ತಿನ್ನದೇ ಇರುವುದು, ಸಾಯುವ ಮಾತು. ಆಗ 108ಕ್ಕೆ ಕರೆ ಮಾಡಿ. ಡ್ರಿಪ್ ಹಾಕುವ ಮೊದಲು "ಇವಳು ಇಷ್ಟು ದಿನದಿಂದ ಊಟ ಮಾಡಿಲ್ಲ" ಅಂತ ಡ್ಯೂಟಿ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಮೊದಲ ಭೇಟಿಗೆ ಹೋಗುವಾಗ ಡಯೆಟಿಷಿಯನ್ ಕೇಳುವ ಮೂರು ನಾಲ್ಕು ವಿಷಯ ಬರೆದುಕೊಂಡು ಹೋದರೆ ಸಮಯ ಉಳಿಯುತ್ತದೆ. ಕಳೆದ ಒಂದು ವಾರ ದಿನಕ್ಕೆ ಏನೇನು ತಿಂದದ್ದು, ಒಂದು ವರ್ಷದ ಹಿಂದೆ ತೂಕ ಎಷ್ಟಿತ್ತು, ಕೊನೆಯ ಮುಟ್ಟು ಯಾವ ತಿಂಗಳು, ತೆಗೆದುಕೊಳ್ಳುವ ಗುಳಿಗೆ ಮತ್ತು ಪುಡಿಗಳ ಡಬ್ಬಿ. ಶಾಲೆಯ ಹೆಲ್ತ್ ಕಾರ್ಡಿನಲ್ಲಿ ಹಳೆಯ ಎತ್ತರ-ತೂಕ ಬರೆದಿದ್ದರೆ ಅದನ್ನೂ ಹಿಡಿದುಕೊಂಡು ಹೋಗಿ.